ಅಣು ಸ್ಥಾವರದ ಒಳಗಿನ ಇನ್‌ಸ್ಪೆಕ್ಟರ್, ದೂರದ ಹೆಡ್ ಆಫೀಸ್: ಇವರಿಬ್ಬರ ನಡುವಿನ ಮಾತುಕತೆ ಯಾಕೆ ಮುಖ್ಯ?

2047ರ ಹೊತ್ತಿಗೆ 100 ಗಿಗಾವ್ಯಾಟ್ ಅಣುವಿದ್ಯುತ್ ಬೇಕು ಅಂತ 2025ರ ಫೆಬ್ರುವರಿಯ ಕೇಂದ್ರ ಬಜೆಟ್ ಗುರಿ ಇಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಖಾಸಗಿ ಕಂಪನಿಗಳೂ ಈ ಕ್ಷೇತ್ರಕ್ಕೆ ಬರಬಹುದು ಎನ್ನುವ ಕಾನೂನಿಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಈಗಾಗಲೇ ಇವೆ. ಪಕ್ಕದಲ್ಲೇ 700 ಮೆಗಾವ್ಯಾಟ್‌ನ ಇನ್ನೆರಡು ಬರುತ್ತಿವೆ. ಇಷ್ಟೆಲ್ಲ ಆಗುವಾಗ ಜನ ಕೇಳುವ ಮೊದಲ ಪ್ರಶ್ನೆ, ಇದರ ಮೇಲೆ ಕಣ್ಣಿಡುವವರು ಯಾರು ಅನ್ನೋದು.

‘ಸರ್ಕಾರದ ನಿಯಂತ್ರಣ ಸಂಸ್ಥೆ’ ಅಂದರೆ ಉತ್ತರ ಮುಗಿಯುವುದಿಲ್ಲ. ಆ ಸಂಸ್ಥೆಯೊಳಗೆ ಎರಡು ಬಗೆಯ ಜನ ಇರುತ್ತಾರೆ. ಸ್ಥಾವರದ ಗೇಟಿನೊಳಗೇ ಕೂತು ದಿನಾ ನೋಡುವವರು ಕೆಲವರು. ದೂರದ ಊರಿನ ಕಚೇರಿಯಲ್ಲಿ ಕೂತು ಕಾಗದಪತ್ರ, ಲೆಕ್ಕಾಚಾರ, ನಿಯಮ ನೋಡುವವರು ಇನ್ನು ಕೆಲವರು. ಇವರಿಬ್ಬರ ನಡುವೆ ಮಾತು ಸರಿಯಾಗಿ ಹರಿಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದಲ್ಲಿ ದಾಖಲೆ ಸಮೇತ ಉದಾಹರಣೆಗಳಿವೆ. ಅಲ್ಲಿ ತಪ್ಪುಗಳ ತನಿಖೆ ಬಹಿರಂಗವಾಗಿ ನಡೆದಿದೆ, ವರದಿಗಳು ಎಲ್ಲರಿಗೂ ಸಿಗುತ್ತವೆ. ಅದಕ್ಕೇ ಈ ಲೇಖನದ ಬಹುಪಾಲು ಅಮೆರಿಕದ್ದು.

ನಡೆಸುವವರು ಬೇರೆ, ನೋಡುವವರು ಬೇರೆ

ಅಮೆರಿಕದಲ್ಲಿ ಅಣು ಸ್ಥಾವರಗಳನ್ನು ವಿದ್ಯುತ್ ಕಂಪನಿಗಳು ನಡೆಸುತ್ತವೆ. ಸುರಕ್ಷತೆಯ ಹೊಣೆ ಮೊದಲು ಆ ಕಂಪನಿಯದ್ದೇ. ಅದು ನಿಯಮದ ಪ್ರಕಾರ ನಡೆಯುತ್ತಿದೆಯೇ ಎಂದು ನೋಡುವುದು ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್, ಅಂದರೆ ಎನ್‌ಆರ್‌ಸಿ. ಮೊದಲು ಅಣುಶಕ್ತಿಯನ್ನು ಬೆಳೆಸುವ ಕೆಲಸವೂ ಅದರ ಮೇಲೆ ಹಿಡಿತ ಇಡುವ ಕೆಲಸವೂ ಒಂದೇ ಆಯೋಗದ ಕೈಯಲ್ಲಿದ್ದವು. ಅದು ಸರಿಯಲ್ಲ ಎಂದು 1974ರಲ್ಲಿ ಕಾನೂನು ಮಾಡಿ ಎರಡನ್ನೂ ಬೇರೆ ಮಾಡಿದರು. 1975ರ ಜನವರಿಯಲ್ಲಿ ಎನ್‌ಆರ್‌ಸಿ ಕೆಲಸ ಶುರು ಮಾಡಿತು.

ಅದರ ಹೆಡ್ ಆಫೀಸ್ ಇರುವುದು ಮೇರಿಲ್ಯಾಂಡ್ ರಾಜ್ಯದ ರಾಕ್‌ವಿಲ್‌ನಲ್ಲಿ. ಲೈಸೆನ್ಸ್ ಕೊಡುವುದು, ನಿಯಮ ಬರೆಯುವುದು, ಲೋಹ, ಭೂಕಂಪ, ಬೆಂಕಿ, ವಿಕಿರಣ ಹೀಗೆ ಒಂದೊಂದು ವಿಷಯದ ತಜ್ಞರನ್ನು ಇಟ್ಟುಕೊಳ್ಳುವುದು ಅಲ್ಲಿ. ಇದರ ಜೊತೆ ದೇಶದ ಬೇರೆ ಬೇರೆ ಭಾಗಕ್ಕೆ ನಾಲ್ಕು ಪ್ರಾದೇಶಿಕ ಕಚೇರಿಗಳಿವೆ. ಸ್ಥಾವರಗಳ ಪರಿಶೀಲನೆಯ ಕೆಲಸವನ್ನು ನಡೆಸುವುದು ಇವೇ. ಕೊನೆಗೆ ಪ್ರತಿ ಸ್ಥಾವರದಲ್ಲೂ ಸಾಮಾನ್ಯವಾಗಿ ಕನಿಷ್ಠ ಇಬ್ಬರು ‘ರೆಸಿಡೆಂಟ್ ಇನ್‌ಸ್ಪೆಕ್ಟರ್’ಗಳು, ಅಂದರೆ ಅಲ್ಲೇ ನೆಲೆಸಿರುವ ಪರಿವೀಕ್ಷಕರು ಇರುತ್ತಾರೆ.

ಒಳಗಿರುವ ಇನ್‌ಸ್ಪೆಕ್ಟರ್‌ನ ಒಂದು ದಿನ

ಬೆಳಿಗ್ಗೆ ಬಂದ ತಕ್ಷಣ ಕಂಟ್ರೋಲ್ ರೂಮಿಗೆ ಹೋಗುವುದು ರೂಢಿ. ರಾತ್ರಿ ಪಾಳಿಯ ಲಾಗ್ ಓದಬೇಕು. ಯಾವ ಪಂಪು ನಿಂತಿದೆ, ಯಾವ ಅಲಾರಂ ಹೊಡೆದಿದೆ, ಯಾವ ವಾಲ್ವ್ ರಿಪೇರಿಗೆ ಹೋಗಿದೆ ಎಂದು ತಿಳಿಯಬೇಕು. ಆಮೇಲೆ ಕಂಪನಿಯವರ ಬೆಳಗಿನ ಮೀಟಿಂಗಿನಲ್ಲಿ ಸುಮ್ಮನೆ ಕೂತು ಕೇಳಬೇಕು. ಸ್ಥಾವರದ ಸಿಬ್ಬಂದಿ ಯಾವ ದೋಷ ಕಂಡರೂ ಒಂದು ಫಾರಂ ತುಂಬಿ ದಾಖಲಿಸುತ್ತಾರೆ. ಅದಕ್ಕೆ ಕಂಡೀಷನ್ ರಿಪೋರ್ಟ್ ಅನ್ನುತ್ತಾರೆ. ವರ್ಷಕ್ಕೆ ಸಾವಿರಗಟ್ಟಲೆ ಬರುವ ಈ ಫಾರಂಗಳಲ್ಲಿ ಯಾವುದನ್ನು ಬೆನ್ನುಹತ್ತಬೇಕು ಎಂದು ಆರಿಸುವುದೇ ದೊಡ್ಡ ಕೆಲಸ. ಮಿಕ್ಕ ಹೊತ್ತು ಹೆಲ್ಮೆಟ್ ಹಾಕಿಕೊಂಡು ಸ್ಥಾವರ ಸುತ್ತುವುದು. ಇದರ ನಡುವೆ ಪ್ರಾದೇಶಿಕ ಕಚೇರಿಯ ಮೇಲಧಿಕಾರಿಗೆ ಫೋನ್ ಮಾಡಿ ಇವತ್ತು ಏನು ಕಂಡಿತು ಎಂದು ಹೇಳಬೇಕು.

ಇವರಿಗೆ ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಹೋಗುವ ಹಕ್ಕಿದೆ. ಅಮೆರಿಕದ ನಿಯಮಾವಳಿಯಲ್ಲಿ ಇದರ ಬಗ್ಗೆ ಒಂದು ಚೊಕ್ಕ ಸಾಲಿದೆ. ಇನ್‌ಸ್ಪೆಕ್ಟರ್ ಒಳಗೆ ಬಂದಿದ್ದಾರೆ ಎಂಬ ಸುದ್ದಿಯನ್ನು ಕಂಪನಿಯವರು ಸಿಬ್ಬಂದಿಗೆ ಮೊದಲೇ ದಾಟಿಸುವಂತಿಲ್ಲ. ಇನ್‌ಸ್ಪೆಕ್ಟರ್ ತಾವೇ ಹೇಳಿ ಎಂದರೆ ಮಾತ್ರ ಹೇಳಬಹುದು. ಅವರಿಗೆ ಕೂರಲು ಕೋಣೆ ಕೊಡುವುದು ಕಂಪನಿ, ಸಂಬಳ ಕೊಡುವುದು ಸರ್ಕಾರ.

ಹಾಗಿದ್ದರೆ ಹೆಡ್ ಆಫೀಸ್ ಯಾಕೆ ಬೇಕು?

ಹಳ್ಳಿಯ ಆಶಾ ಕಾರ್ಯಕರ್ತೆಯನ್ನೂ ಬೆಂಗಳೂರಿನ ದೊಡ್ಡಾಸ್ಪತ್ರೆಯ ತಜ್ಞ ವೈದ್ಯರನ್ನೂ ನೆನೆಸಿಕೊಳ್ಳಿ. ಮನೆಮನೆಗೆ ಹೋಗುವ ಆಶಾ ಅಕ್ಕನಿಗೆ ಈ ಅಜ್ಜಿ ವಾರದಿಂದ ಊಟ ಕಡಿಮೆ ಮಾಡಿದ್ದಾರೆ ಎಂದು ಗೊತ್ತು. ತಜ್ಞರಿಗೆ ಅದೇ ಲಕ್ಷಣ ಇದ್ದ ನೂರಾರು ರೋಗಿಗಳನ್ನು ನೋಡಿ ಗೊತ್ತು. ಅಜ್ಜಿಗೆ ಇಬ್ಬರೂ ಬೇಕು, ಅಲ್ವಾ?

ಇಲ್ಲೂ ಹಾಗೇ. ಸ್ಥಾವರದಲ್ಲಿರುವ ಇನ್‌ಸ್ಪೆಕ್ಟರ್‌ಗೆ ಒಂದು ಸ್ಥಾವರ ಪೂರ್ತಿ ಗೊತ್ತು. ಹೆಡ್ ಆಫೀಸಿನ ಲೋಹ ತಜ್ಞರಿಗೆ ದೇಶದ ಎಲ್ಲ ಸ್ಥಾವರಗಳಲ್ಲಿ ಒಂದೇ ಬಗೆಯ ಲೋಹ ಹೇಗೆ ಸವೆಯುತ್ತಿದೆ ಎಂದು ಗೊತ್ತು. ತಾವಿರುವ ಸ್ಥಾವರದ ಲೈಸೆನ್ಸ್‌ನಲ್ಲಿ ನಿಖರವಾಗಿ ಏನು ಷರತ್ತಿದೆ, ಅದರ ಹಿಂದಿನ ಲೆಕ್ಕ ಏನು ಎಂಬ ಪ್ರಶ್ನೆ ಎದ್ದಾಗ ಇನ್‌ಸ್ಪೆಕ್ಟರ್ ಹೆಡ್ ಆಫೀಸನ್ನೇ ಕೇಳಬೇಕು. ಅದಕ್ಕಾಗಿ ಪ್ರತಿ ಸ್ಥಾವರಕ್ಕೂ ಹೆಡ್ ಆಫೀಸಿನಲ್ಲಿ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್ ಇರುತ್ತಾರೆ.

1200 ಎಂಬ ಅಂಕಿ ತಂದ ಗೊಂದಲ

1979ರ ಮಾರ್ಚ್ 28ರ ಬೆಳಗಿನ ಜಾವ 4 ಗಂಟೆಗೆ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದ ಎರಡನೇ ಘಟಕದಲ್ಲಿ ಅಪಘಾತ ಶುರುವಾಯಿತು. ರೆಸಿಡೆಂಟ್ ಇನ್‌ಸ್ಪೆಕ್ಟರ್ ಪದ್ಧತಿ ಅದರ ಹಿಂದಿನ ವರ್ಷವಷ್ಟೇ ಆರಂಭವಾಗಿತ್ತು, ಇನ್ನೂ ಎಲ್ಲ ಕಡೆ ಬಂದಿರಲಿಲ್ಲ. ಈ ಸ್ಥಾವರದಲ್ಲಿ ಯಾರೂ ಇರಲಿಲ್ಲ. ಬೆಳಿಗ್ಗೆ 7 ಗಂಟೆ ದಾಟಿದ ಮೇಲೆ ಸ್ಥಾವರದವರು ಎನ್‌ಆರ್‌ಸಿಯ ಪ್ರಾದೇಶಿಕ ಕಚೇರಿಗೆ ಫೋನ್ ಮಾಡಿದಾಗ ಕಚೇರಿ ಇನ್ನೂ ತೆರೆದಿರಲಿಲ್ಲ. ಕರೆ ತೆಗೆದುಕೊಂಡದ್ದು ಸಂದೇಶ ಬರೆದಿಡುವ ಆನ್ಸರಿಂಗ್ ಸರ್ವಿಸ್. ಅಧಿಕಾರಿಗಳಿಗೆ ವಿಷಯ ಮುಟ್ಟಲು ಅರ್ಧ ಗಂಟೆಗೂ ಜಾಸ್ತಿ ಹಿಡಿಯಿತು.

ಮಾರ್ಚ್ 30ರ ಶುಕ್ರವಾರ ನಡೆದದ್ದು ಇನ್ನೂ ಗಂಭೀರ. ಸ್ಥಾವರದಿಂದ ವಿಕಿರಣ ಹೊರಬಿದ್ದರೆ ನೆಲದ ಮಟ್ಟದಲ್ಲಿ ಎಷ್ಟಿರಬಹುದು ಎಂದು ಹೆಡ್ ಆಫೀಸಿನಲ್ಲಿ ಒಬ್ಬರು ಲೆಕ್ಕ ಹಾಕುತ್ತಿದ್ದರು. ಉತ್ತರ ಗಂಟೆಗೆ 1200 ಮಿಲಿರೆಮ್ ಎಂದು ಬಂತು. ಮಿಲಿರೆಮ್ ಅಂದರೆ ದೇಹಕ್ಕೆ ತಾಗುವ ವಿಕಿರಣದ ಒಂದು ಅಳತೆ. ಕಾಕತಾಳೀಯವಾಗಿ ಅದೇ ಹೊತ್ತಿಗೆ ಸ್ಥಾವರದ ಕಡೆಯಿಂದಲೂ 1200 ಎಂಬ ಅಂಕಿ ಬಂತು. ಎರಡೂ ಹೊಂದಿದ್ದರಿಂದ ಹೆಡ್ ಆಫೀಸ್ ನಂಬಿಬಿಟ್ಟಿತು. ಸುತ್ತಲಿನ ಜನರನ್ನು ಖಾಲಿ ಮಾಡಿಸಿ ಎಂದು ರಾಜ್ಯಕ್ಕೆ ಶಿಫಾರಸು ಹೋಯಿತು.

ನಿಜಕ್ಕೂ ಆ ಎರಡನೇ 1200 ಹೆಲಿಕಾಪ್ಟರ್‌ನಿಂದ ಚಿಮಣಿಯ ನೆತ್ತಿಯ ಮೇಲೆ ಅಳೆದದ್ದು. ಜನ ಇರುವ ಜಾಗದ್ದಲ್ಲ. ‘ಎಲ್ಲಿ ಅಳೆದಿರಿ?’ ಎಂದು ಸ್ಥಾವರದಲ್ಲಿರುವವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ದಿನ ಪೂರ್ತಿ ತೆರವಿನ ಆದೇಶ ಆಗಲಿಲ್ಲ. ಆದರೆ 5 ಮೈಲಿ ಒಳಗಿನ ಗರ್ಭಿಣಿಯರು ಮತ್ತು ಪುಟ್ಟ ಮಕ್ಕಳು ಹೊರಡುವುದು ಒಳ್ಳೆಯದು ಎಂದು ಗವರ್ನರ್ ಹೇಳಿದರು. ಗಾಬರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು.

ಅದೇ ದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಎನ್‌ಆರ್‌ಸಿಯ ಹಿರಿಯ ಅಧಿಕಾರಿ ಹೆರಾಲ್ಡ್ ಡೆಂಟನ್ ಅವರನ್ನು ಸ್ಥಳಕ್ಕೇ ಕಳಿಸಿದರು. ಇನ್ನು ಮುಂದೆ ಮಾಹಿತಿ ಒಬ್ಬರ ಬಾಯಿಂದಲೇ ಬರಲಿ ಎಂಬುದು ಉದ್ದೇಶ. ಅದು ಕೆಲಸ ಮಾಡಿತು. ರಿಯಾಕ್ಟರ್ ಒಳಗಿನ ಜಲಜನಕದ ಗುಳ್ಳೆ ಸ್ಫೋಟಿಸಬಹುದು ಎಂಬ ಭಯ ಹೆಡ್ ಆಫೀಸಿನಲ್ಲಿ ಹುಟ್ಟಿದಾಗ, ಸ್ಥಳದಲ್ಲಿದ್ದ ತಜ್ಞರು ಸ್ಫೋಟಕ್ಕೆ ಬೇಕಾದ ಆಮ್ಲಜನಕ ಅಲ್ಲಿರಲು ಸಾಧ್ಯವಿಲ್ಲ ಎಂದು ವಾದಿಸಿದರು. ಅವರು ಹೇಳಿದ್ದೇ ಸರಿಯಾಯಿತು.

ಈ ಅಪಘಾತದ ನಂತರ ರೆಸಿಡೆಂಟ್ ಇನ್‌ಸ್ಪೆಕ್ಟರ್‌ಗಳನ್ನು ಬೇಗ ಬೇಗ ಎಲ್ಲ ಸ್ಥಾವರಗಳಿಗೂ ಹಾಕಿದರು. ಹೆಡ್ ಆಫೀಸಿನ ಆಪರೇಷನ್ಸ್ ಸೆಂಟರ್‌ನಲ್ಲಿ ಈಗ ಹಗಲೂ ರಾತ್ರಿ ಜನ ಇರುತ್ತಾರೆ. ಘಟನೆ ಎಷ್ಟು ಗಂಭೀರ ಎಂಬುದರ ಮೇಲೆ ಸ್ಥಾವರಗಳು 1, 4 ಅಥವಾ 8 ಗಂಟೆಯೊಳಗೆ ಅಲ್ಲಿಗೆ ತಿಳಿಸಬೇಕು.

ಡೇವಿಸ್-ಬೆಸ್ಸೆ: ಕಣ್ಣ ಮುಂದಿದ್ದ ಕೆಂಪು ತುಕ್ಕು

ಸ್ಥಾವರದಲ್ಲಿ ಜನರನ್ನು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡರೆ, ಓಹಾಯೊ ರಾಜ್ಯದಲ್ಲಿ ಈರಿ ಸರೋವರದ ದಡದಲ್ಲಿರುವ ಡೇವಿಸ್-ಬೆಸ್ಸೆ ಸ್ಥಾವರದ ಕತೆಯನ್ನು ನೋಡಬೇಕು. ನನ್ನ ಪ್ರಕಾರ ಈ ಇಡೀ ವಿಷಯವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಈ ಬಗೆಯ ರಿಯಾಕ್ಟರ್‌ನಲ್ಲಿ ನೀರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುತ್ತದೆ. ಅದು ಕುದಿಯದಿರಲಿ ಎಂದು ಹೊರಗಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು ಒತ್ತಡದಲ್ಲಿ ಹಿಡಿದಿಡುತ್ತಾರೆ. ಅಣು ಕ್ರಿಯೆಯನ್ನು ಹದದಲ್ಲಿಡಲು ಆ ನೀರಿಗೆ ಬೋರಿಕ್ ಆಸಿಡ್ ಬೆರೆಸಿರುತ್ತಾರೆ. ರಿಯಾಕ್ಟರ್ ಪಾತ್ರೆಯ ಮೇಲೆ ದಪ್ಪ ಉಕ್ಕಿನ ಗುಮ್ಮಟದಂಥ ಮುಚ್ಚಳ. ಆ ಮುಚ್ಚಳವನ್ನು ತೂರಿಕೊಂಡು ಕೊಳವೆಗಳು ಒಳಗೆ ಹೋಗುತ್ತವೆ. ಕ್ರಿಯೆಯನ್ನು ನಿಲ್ಲಿಸುವ ಕಂಟ್ರೋಲ್ ರಾಡ್‌ಗಳು ಇಳಿಯುವುದು ಇವುಗಳ ಮೂಲಕ. ಡೇವಿಸ್-ಬೆಸ್ಸೆಯಲ್ಲಿ ಇಂಥ 69 ಕೊಳವೆಗಳಿದ್ದವು.

ಕೊಳವೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ. ಬೋರಿಕ್ ಆಸಿಡ್ ಬಿಳಿ ಪುಡಿಯಾಗಿ ಉಳಿಯುತ್ತದೆ. ಬಿಳಿ ಪುಡಿ ಇದ್ದರೆ ಎಲ್ಲೋ ಸೋರಿಕೆ ಇದೆ ಎಂದು ಅರ್ಥ. ಅದು ಕೆಂಪು-ಕಂದು ಬಣ್ಣಕ್ಕೆ ತಿರುಗಿದ್ದರೆ ಆಸಿಡ್ ಉಕ್ಕನ್ನೇ ತಿನ್ನುತ್ತಿದೆ, ತುಕ್ಕು ಅದರಲ್ಲಿ ಬೆರೆತಿದೆ ಎಂದು ಅನುಮಾನ ಪಡಬೇಕು.

2001ರಲ್ಲಿ ದಕ್ಷಿಣ ಕ್ಯಾರೊಲಿನಾದ ಒಕೋನಿ ಸ್ಥಾವರದಲ್ಲಿ ಕೊಳವೆಗಳ ಸುತ್ತ ಅಪಾಯಕಾರಿ ಬಿರುಕುಗಳು ಸಿಕ್ಕವು. ಹೆಡ್ ಆಫೀಸ್ ಸುಮ್ಮನೆ ಕೂರಲಿಲ್ಲ. ಆಗಸ್ಟ್‌ನಲ್ಲಿ ಎಲ್ಲ ಇಂಥ ಸ್ಥಾವರಗಳಿಗೂ ಪತ್ರ ಕಳಿಸಿತು. ಜಾಸ್ತಿ ಅಪಾಯದ ಗುಂಪಿನವರು ಡಿಸೆಂಬರ್ 31ರೊಳಗೆ ಪರೀಕ್ಷೆ ಮಾಡಬೇಕು ಎಂಬುದು ಅದರ ನಿರೀಕ್ಷೆ. ಡೇವಿಸ್-ಬೆಸ್ಸೆ ಆ ಗುಂಪಿನಲ್ಲಿತ್ತು. ಅದನ್ನು ನಡೆಸುತ್ತಿದ್ದ ಫಸ್ಟ್‌ಎನರ್ಜಿ ಕಂಪನಿ 2002ರ ವಸಂತದಲ್ಲಿ ಇಂಧನ ಬದಲಿಸಲು ಹೇಗೂ ನಿಲ್ಲಿಸುತ್ತೇವೆ, ಅಲ್ಲಿಯವರೆಗೆ ಬಿಡಿ ಎಂದಿತು. ಬಲವಂತವಾಗಿ ನಿಲ್ಲಿಸುವ ಆದೇಶದ ಕರಡನ್ನು ಎನ್‌ಆರ್‌ಸಿ ಸಿಬ್ಬಂದಿ ಬರೆದೂ ಆಗಿತ್ತು. ಕೊನೆಗೆ 2002ರ ಫೆಬ್ರುವರಿ 16ಕ್ಕೆ ನಿಲ್ಲಿಸುವುದೆಂದು ರಾಜಿಯಾಯಿತು.

ಹೆಡ್ ಆಫೀಸಿನಲ್ಲಿ ಬಿರುಕಿನ ಲೆಕ್ಕ ನಡೆಯುತ್ತಿದ್ದಾಗ ಸ್ಥಾವರದಲ್ಲಿ ಏನೇನು ಕಾಣುತ್ತಿತ್ತು? ರಿಯಾಕ್ಟರ್ ಕಟ್ಟಡದೊಳಗಿನ ಗಾಳಿಯಲ್ಲಿ ವಿಕಿರಣ ಅಳೆಯುವ ಯಂತ್ರದ ಫಿಲ್ಟರ್‌ಗಳು 1999ರಿಂದಲೇ ತುಕ್ಕು ಬಣ್ಣದ ಪುಡಿಯಿಂದ ಕಟ್ಟಿಕೊಳ್ಳುತ್ತಿದ್ದವು. ಕೆಲವೊಮ್ಮೆ ದಿನ ಬಿಟ್ಟು ದಿನ ಬದಲಿಸಬೇಕಾಗುತ್ತಿತ್ತು. ಗಾಳಿ ತಂಪು ಮಾಡುವ ಕೂಲರ್‌ಗಳ ಮೇಲೆ ಬೋರಿಕ್ ಆಸಿಡ್ ಕೂತು ಮತ್ತೆ ಮತ್ತೆ ತೊಳೆಯಬೇಕಾಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ 2000ದ ಏಪ್ರಿಲ್‌ನಲ್ಲಿ ತೆಗೆದ ಒಂದು ಫೋಟೋ ಇತ್ತು. ಮುಚ್ಚಳದ ಅಂಚಿನ ಕಿಂಡಿಗಳಿಂದ ಕೆಂಪು-ಕಂದು ಪುಡಿ ಲಾವಾದಂತೆ ಇಳಿದು ಗಟ್ಟಿಯಾಗಿರುವ ಚಿತ್ರ ಅದು. ಅದಕ್ಕೆ ಸಂಬಂಧಿಸಿದ ಕಂಡೀಷನ್ ರಿಪೋರ್ಟ್ ಅಲ್ಲಿದ್ದ ಎನ್‌ಆರ್‌ಸಿ ಇನ್‌ಸ್ಪೆಕ್ಟರ್‌ಗಳ ಕೈಗೂ ಬಂದಿತ್ತು. ಅದರ ಮಹತ್ವ ಅವರಿಗೆ ಹೊಳೆಯಲಿಲ್ಲ. ಮೇಲಕ್ಕೂ ಹೋಗಲಿಲ್ಲ.

2002ರ ಮಾರ್ಚ್ ಮೊದಲ ವಾರದಲ್ಲಿ 3ನೇ ನಂಬರ್ ಕೊಳವೆಯ ರಿಪೇರಿ ನಡೆಯುತ್ತಿತ್ತು. ಕೊರೆಯುವ ಯಂತ್ರವನ್ನು ತೆಗೆಯುವಾಗ ಕೊಳವೆ ಪಕ್ಕಕ್ಕೆ ವಾಲಿತು. ಗಟ್ಟಿ ಉಕ್ಕಿನಲ್ಲಿ ಕೂತ ಕೊಳವೆ ವಾಲುವುದು ಹೇಗೆ? ಪುಡಿ ಕೆರೆದು ನೋಡಿದರೆ ಪಕ್ಕದ ಉಕ್ಕೇ ಇರಲಿಲ್ಲ. 6 ಇಂಚಿಗೂ ಹೆಚ್ಚು ದಪ್ಪದ ಉಕ್ಕನ್ನು ಆಸಿಡ್ ಪೂರ್ತಿ ತಿಂದು ಹಾಕಿತ್ತು. ಒಳಮೈಗೆ ಹಚ್ಚಿದ್ದ ಅರ್ಧ ಇಂಚೂ ಇಲ್ಲದ ಸ್ಟೇನ್‌ಲೆಸ್ ಸ್ಟೀಲ್ ಪದರವೊಂದೇ ಆ ಒತ್ತಡವನ್ನು ತಡೆದು ನಿಂತಿತ್ತು. ಅದು ಹರಿದಿದ್ದರೆ ರಿಯಾಕ್ಟರ್‌ನ ನೀರು ನೆತ್ತಿಯಿಂದಲೇ ನುಗ್ಗಿ ಹೊರಬರುತ್ತಿತ್ತು.

ಗೊತ್ತಿದ್ದೂ ಯಾಕೆ ತಲುಪಲಿಲ್ಲ?

ಎನ್‌ಆರ್‌ಸಿ ತನ್ನದೇ ತಂಡವೊಂದನ್ನು ತನಿಖೆಗೆ ನೇಮಿಸಿತು. ಲಭ್ಯವಿದ್ದ ಮಾಹಿತಿಯನ್ನು ಒಟ್ಟುಗೂಡಿಸಿ ಸ್ಥಾವರದ ಸ್ಥಿತಿಯನ್ನು ಅಳೆಯುವಲ್ಲಿ ಎನ್‌ಆರ್‌ಸಿ ಸೋತಿತು ಎಂದು ಆ ತಂಡ ನೇರವಾಗಿ ಬರೆಯಿತು. ಬೇರೆ ಸ್ಥಾವರಗಳ ಅನುಭವದಿಂದ ಕಲಿಯುವುದರಲ್ಲಿ ಕಂಪನಿ, ಉದ್ಯಮ, ಎನ್‌ಆರ್‌ಸಿ ಮೂವರೂ ಹಿಂದೆ ಬಿದ್ದಿದ್ದರು ಎಂದಿತು.

ಯಾರಾದರೂ ಬೇಕಂತಲೇ ಮುಚ್ಚಿಟ್ಟರೇ? ಕಂಪನಿಯ ಕಡೆಯಿಂದ ಅದೂ ನಡೆದಿತ್ತು. ಹೆಡ್ ಆಫೀಸಿಗೆ ಅದು ಕೊಟ್ಟ ಉತ್ತರಗಳು ಅಪೂರ್ಣವಾಗಿದ್ದವು, ದಾರಿ ತಪ್ಪಿಸುವಂತಿದ್ದವು. 2005ರಲ್ಲಿ ಎನ್‌ಆರ್‌ಸಿ 54.5 ಲಕ್ಷ ಡಾಲರ್ ದಂಡ ಹಾಕಿತು. 2006ರ ಆರಂಭದಲ್ಲಿ ಕಂಪನಿ ಅಮೆರಿಕದ ನ್ಯಾಯಾಂಗ ಇಲಾಖೆಯ ಜೊತೆಗಿನ ಒಪ್ಪಂದದಲ್ಲಿ 2.8 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಆದರೆ ನಿಯಂತ್ರಣ ಸಂಸ್ಥೆಯ ಒಳಗಿನ ತೊಡಕು ಬೇರೆ ಬಗೆಯದು, ಮತ್ತು ಎಲ್ಲ ದೊಡ್ಡ ಕಚೇರಿಗಳಲ್ಲೂ ಇರುವಂಥದ್ದು.

ಸ್ಥಾವರದಲ್ಲಿದ್ದ ಇನ್‌ಸ್ಪೆಕ್ಟರ್‌ಗಳಿಗೆ ಫಿಲ್ಟರ್ ಕಟ್ಟಿಕೊಳ್ಳುವುದು ಒಂದು ರಿಪೇರಿ ತಲೆನೋವಾಗಿ ಕಂಡಿತು. ಕೂಲರ್ ತೊಳೆಯುವುದು ಇನ್ನೊಂದು. ಫೋಟೋ ಮತ್ತೊಂದು. ಬೋರಿಕ್ ಆಸಿಡ್ ಪುಡಿ ಅವರಿಗೆ ಹೊಸದೇನಲ್ಲ, ಇಂಥ ಸ್ಥಾವರಗಳಲ್ಲಿ ಅದು ಅಷ್ಟಿಷ್ಟು ಇದ್ದೇ ಇರುತ್ತದೆ. ಮೂರನ್ನೂ ಜೋಡಿಸಿ ‘ಮುಚ್ಚಳ ಸವೆಯುತ್ತಿದೆಯೇ?’ ಎಂದು ಕೇಳಲು ಬೇಕಾದ ಜ್ಞಾನ ಹೆಡ್ ಆಫೀಸಿನ ಲೋಹ ತಜ್ಞರಲ್ಲಿತ್ತು. ಆ ತಜ್ಞರ ಗಮನವೆಲ್ಲ ಬಿರುಕಿನ ಮೇಲೆ, ಉಕ್ಕು ಕರಗುವುದರ ಮೇಲಲ್ಲ. ಅವರ ಮುಂದಿದ್ದದ್ದು ಕಂಪನಿ ಕಳಿಸಿದ ಕಾಗದಗಳು. ‘ನಿಮ್ಮಲ್ಲಿ ತುಕ್ಕು ಬಣ್ಣದ ಪುಡಿ ಎಲ್ಲಾದರೂ ಕಂಡಿದೆಯೇ?’ ಎಂಬ ಪ್ರಶ್ನೆ ಕೆಳಗೆ ಹೋಗಲಿಲ್ಲ, ಹಾಗಾಗಿ ಉತ್ತರವೂ ಮೇಲೆ ಬರಲಿಲ್ಲ. ಈ ಒಂದು ಜಾಗದಲ್ಲೇ ಇಡೀ ವ್ಯವಸ್ಥೆ ಕೈಕೊಟ್ಟಿದ್ದು ಎಂದು ನನಗನ್ನಿಸುತ್ತದೆ. ಮಾಹಿತಿ ಕಳಿಸಿ ಎಂದು ಸ್ಥಾವರದಲ್ಲಿರುವ ಇನ್‌ಸ್ಪೆಕ್ಟರ್‌ಗಳಿಗೆ ಎಷ್ಟು ಹೇಳಿದರೂ, ಯಾವುದು ಕಳಿಸಲು ಯೋಗ್ಯ ಎಂದು ಅವರಿಗೆ ಗೊತ್ತಾಗಬೇಕಾದರೆ ಮೇಲಿನವರು ಏನನ್ನು ಹುಡುಕುತ್ತಿದ್ದಾರೆ ಎಂದು ತಿಳಿದಿರಬೇಕು.

ಆಮೇಲೆ ಏನು ಬದಲಾಯಿತು?

ಸ್ಥಾವರ ಎರಡು ವರ್ಷ ನಿಂತಿತು. ಮಿಷಿಗನ್‌ನಲ್ಲಿ ಅರ್ಧಕ್ಕೆ ಬಿಟ್ಟಿದ್ದ ಮಿಡ್‌ಲ್ಯಾಂಡ್ ಸ್ಥಾವರದ ಬಳಸದ ಮುಚ್ಚಳವನ್ನು ತಂದು ಕೂರಿಸಿ, 2004ರ ಮಾರ್ಚ್‌ನಲ್ಲಿ ಮತ್ತೆ ಶುರು ಮಾಡಿದರು. ತನಿಖಾ ತಂಡ ಕೊಟ್ಟ 51 ಶಿಫಾರಸುಗಳಲ್ಲಿ 49ನ್ನು ಎನ್‌ಆರ್‌ಸಿ ಒಪ್ಪಿತು.

ದೇಶವಿದೇಶದ ಸ್ಥಾವರಗಳಲ್ಲಿ ಆದ ದೋಷಗಳನ್ನು ಒಂದೇ ಕಡೆ ಸೇರಿಸಿ, ಸೋಸಿ, ಯಾರಿಗೆ ಬೇಕೋ ಅವರಿಗೆ ತಲುಪಿಸುವ ತಂಡ ಹೆಡ್ ಆಫೀಸಿನಲ್ಲಿ ಬಂತು. ಈಗ ಒಂದು ಕಡೆ ವಾಲ್ವ್ ಕೆಟ್ಟರೆ, ಅದೇ ತಯಾರಿಯ ವಾಲ್ವ್ ಇರುವ ಬೇರೆ ಸ್ಥಾವರದ ಇನ್‌ಸ್ಪೆಕ್ಟರ್‌ಗೂ ವಿಷಯ ಗೊತ್ತಾಗಲು ದಾರಿಯಿದೆ. ಬೋರಿಕ್ ಆಸಿಡ್ ತುಕ್ಕಿನ ಬಗ್ಗೆ ಇನ್‌ಸ್ಪೆಕ್ಟರ್‌ಗಳಿಗೆ ತರಬೇತಿ ಕೊಟ್ಟರು. ಮುಚ್ಚಳದ ಪರೀಕ್ಷೆಗೆ ಕಡ್ಡಾಯ ಆದೇಶ 2003ರಲ್ಲಿ ಬಂತು.

ಇನ್ನೊಂದು ತೊಡಕು ಸಮಯದ್ದು. ಇನ್‌ಸ್ಪೆಕ್ಟರ್‌ಗೆ ಒಂದು ದೋಷ ಕಾಣುತ್ತದೆ ಎಂದುಕೊಳ್ಳಿ. ಅದು ಲೈಸೆನ್ಸ್ ಷರತ್ತಿನ ಉಲ್ಲಂಘನೆಯೇ ಅಲ್ಲವೇ ಎಂಬುದು ಸ್ಪಷ್ಟವಿಲ್ಲ. ಕಂಪನಿ ‘ಅಲ್ಲ’ ಎನ್ನುತ್ತದೆ. ಆಗ ಪ್ರಾದೇಶಿಕ ಕಚೇರಿ ಹೆಡ್ ಆಫೀಸಿಗೆ ಲಿಖಿತ ಪ್ರಶ್ನೆ ಕಳಿಸಬಹುದು. ದಶಕಗಳ ಹಿಂದಿನ ಕಡತ ಹುಡುಕಿ ಉತ್ತರ ಕೊಡಲು ತಿಂಗಳುಗಳೇ ಹಿಡಿಯಬಹುದು. ಅಪಾಯ ತೀರಾ ಚಿಕ್ಕದಾಗಿದ್ದರೂ ಇಷ್ಟೇ ಶ್ರಮ. ಈಚಿನ ವರ್ಷಗಳಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ: ಷರತ್ತು ಅಸ್ಪಷ್ಟ, ಅಪಾಯವೂ ತೀರಾ ಕಡಿಮೆ ಎಂದಾದರೆ, ವಿಷಯವನ್ನು ದಾಖಲಿಸಿ ಅಲ್ಲಿಗೇ ಮುಗಿಸಬಹುದು.

ಒಪ್ಪದಿದ್ದರೆ? ತಮ್ಮ ಸಂಸ್ಥೆಯ ತೀರ್ಮಾನ ತಪ್ಪು ಎನಿಸಿದ ಎನ್‌ಆರ್‌ಸಿ ಸಿಬ್ಬಂದಿ ಭಿನ್ನಾಭಿಪ್ರಾಯವನ್ನು ಲಿಖಿತವಾಗಿ ಕೊಡಬಹುದು. ಅದನ್ನು ಬೇರೆಯವರು ಪರಿಶೀಲಿಸಲೇಬೇಕು. ಸ್ಥಾವರದಲ್ಲಿ ಕೂತ ಕಿರಿಯ ಇನ್‌ಸ್ಪೆಕ್ಟರ್‌ಗೆ ಹೆಡ್ ಆಫೀಸಿನ ಹಿರಿಯರ ಎದುರು ಮಾತಾಡಲು ಇಂಥದ್ದೊಂದು ಆಸರೆ ಬೇಕು.

ಒಂದೇ ಕಡೆ ಎಷ್ಟು ವರ್ಷ ಇರಬಹುದು?

ವರ್ಷಗಟ್ಟಲೆ ಒಂದೇ ಸ್ಥಾವರದಲ್ಲಿದ್ದರೆ ಅಲ್ಲಿನವರ ಜೊತೆ ಸಲುಗೆ ಬೆಳೆಯುತ್ತದೆ, ಅವರ ಕಣ್ಣಿನಿಂದಲೇ ನೋಡುವ ಅಭ್ಯಾಸ ಆಗಬಹುದು. ಅದಕ್ಕೇ ಎನ್‌ಆರ್‌ಸಿಯಲ್ಲಿ ರೆಸಿಡೆಂಟ್ ಇನ್‌ಸ್ಪೆಕ್ಟರ್ ಸಾಮಾನ್ಯವಾಗಿ ಒಂದು ಸ್ಥಾವರದಲ್ಲಿ 7 ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಆದರೆ ಬೇಗ ಬೇಗ ಬದಲಿಸಿದರೆ ಸ್ಥಾವರದ ಹಳೆಯ ಕತೆ ಗೊತ್ತಿರುವವರೇ ಇರುವುದಿಲ್ಲ. ಹೆಡ್ ಆಫೀಸಿನ ಪ್ರಾಜೆಕ್ಟ್ ಮ್ಯಾನೇಜರ್‌ಗಳ ವಿಷಯದಲ್ಲೂ ಇದೇ ಮಾತು.

ನಮ್ಮಲ್ಲಿ ಹೇಗಿದೆ?

ಭಾರತದಲ್ಲಿ ಈ ಕೆಲಸ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದ್ದು. 1983ರ ನವೆಂಬರ್ 15ರಂದು ಸ್ಥಾಪನೆಯಾದ ಈ ಮಂಡಳಿಯ ಕೇಂದ್ರ ಕಚೇರಿ ಮುಂಬೈನ ಅಣುಶಕ್ತಿನಗರದಲ್ಲಿದೆ. ಬಹಳ ಕಾಲ ಮುಂಬೈಯಿಂದ ತಂಡಗಳು ನಿಗದಿತ ಅವಧಿಗೊಮ್ಮೆ ಸ್ಥಾವರಗಳಿಗೆ ಹೋಗಿ ಪರಿಶೀಲಿಸಿ ಬರುವುದೇ ಮುಖ್ಯ ಪದ್ಧತಿಯಾಗಿತ್ತು.

ಕಾಗದದ ಮೇಲಿನ ವಿನ್ಯಾಸ ಮತ್ತು ನೆಲದ ಮೇಲಿನ ಕೆಲಸ ಎರಡನ್ನೂ ಒಟ್ಟಿಗೆ ನೋಡಬೇಕು ಎಂಬ ಪಾಠ ಕರ್ನಾಟಕದಲ್ಲೇ ಸಿಕ್ಕಿದೆ. 1994ರ ಮೇ 13ರಂದು ಕೈಗಾದ ಮೊದಲ ಘಟಕವನ್ನು ಕಟ್ಟುತ್ತಿದ್ದಾಗ ಒಳ ಗುಮ್ಮಟದ ಕಾಂಕ್ರೀಟ್ ಪದರ ಬಿಟ್ಟುಕೊಂಡು ಕೆಳಗೆ ಬಿತ್ತು. ಆಗ ಅಲ್ಲಿ ಅಣು ಇಂಧನ ಇರಲಿಲ್ಲ. ಗುಮ್ಮಟವನ್ನು ಹೊಸದಾಗಿ ವಿನ್ಯಾಸ ಮಾಡಿ ಮತ್ತೆ ಕಟ್ಟಬೇಕಾಯಿತು.

2015ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರ ತಂಡ ಭಾರತಕ್ಕೆ ಬಂದು ಮಂಡಳಿಯ ಕೆಲಸವನ್ನು ಪರಿಶೀಲಿಸಿತು. ಸ್ಥಾವರಗಳಲ್ಲಿ ಪರಿಶೀಲನೆಯನ್ನು ಇನ್ನೂ ಹೆಚ್ಚು ಸಲ ಮಾಡುವ ಬಗ್ಗೆ ಯೋಚಿಸಿ ಎಂಬುದು ಅದರ ಸಲಹೆಗಳಲ್ಲಿ ಒಂದು. ಮಂಡಳಿ ಈಗ ಸ್ಥಾವರಗಳಲ್ಲಿ ತನ್ನ ವೀಕ್ಷಕರನ್ನು ಇರಿಸುವ ಪದ್ಧತಿಯನ್ನೂ ತಂದಿದೆ. ಅವರು ಅಲ್ಲಿ ಕಂಡದ್ದನ್ನು ಮುಂಬೈಗೆ ತಿಳಿಸುತ್ತಾರೆ, ತೀರ್ಮಾನ ಮುಂಬೈಯಲ್ಲಿ ಆಗುತ್ತದೆ. 2025ರ ಡಿಸೆಂಬರ್‌ನ ಹೊಸ ಕಾನೂನು ಮಂಡಳಿಗೆ ಶಾಸನದ ಬಲವನ್ನೂ ಕೊಟ್ಟಿದೆ.

ಮಂಡಳಿ ಪ್ರತಿವರ್ಷ ತನ್ನ ವಾರ್ಷಿಕ ವರದಿಯನ್ನು ಜಾಲತಾಣದಲ್ಲಿ ಹಾಕುತ್ತದೆ. ಎಷ್ಟು ಪರಿಶೀಲನೆ ನಡೆಯಿತು, ಏನೇನು ಲೋಪ ಕಂಡಿತು ಎಂಬ ವಿವರ ಅದರಲ್ಲಿರುತ್ತದೆ. ಕೈಗಾದ ಸುತ್ತಮುತ್ತಲಿನವರು ಅದನ್ನು ತೆಗೆದು ಓದುವಾಗ ಎಷ್ಟು ಪರಿಶೀಲನೆ ಆಯಿತು ಎಂಬುದರ ಜೊತೆ ಇನ್ನೆರಡು ಪ್ರಶ್ನೆ ಇಟ್ಟುಕೊಳ್ಳಬಹುದು: ಸ್ಥಾವರದಲ್ಲಿ ಕಂಡ ಲೋಪ ಮುಂಬೈ ತಲುಪಲು ಎಷ್ಟು ದಿನ ಹಿಡಿಯಿತು? ಬೇರೆ ಸ್ಥಾವರದಲ್ಲಿ ಆದ ದೋಷದ ಬಗ್ಗೆ ಮುಂಬೈ ಕೈಗಾದಲ್ಲಿರುವ ತನ್ನವರನ್ನು ಏನು ಕೇಳಿತು?